ಯಾರ ಮನೆಯ ಜಗಲಿ?

ತಾಳಗುಪ್ಪ, ಸಾಗರದ ಕಡೆ ರಂಗಮಂದಿರವೋ ಕಲಾಕೇಂದ್ರವೋ ಕಟ್ಟುವ ಮಾತು ಬಂದಾಗೆಲ್ಲ ಕೇಳಿಬರುವ ಸಲಹೆ ಒಂದೇ: ಅದು ಮಲೆನಾಡಿನ ತೊಟ್ಟಿಮನೆಯ ಹಾಗೆ ಕಾಣಬೇಕು. ಹಂಚಿನ ಇಳಿಜಾರು, ಕೆತ್ತನೆಯ ಕಂಬ, ಉದ್ದನೆಯ ಜಗಲಿ, ಗೋಡೆಗೆ ಹಸೆ ಚಿತ್ತಾರ. ಊರಿನ ಮೇಲಿನ ಪ್ರೀತಿಯಿಂದ ಬರುವ ಈ ಮಾತನ್ನು ನಾನು ಒಪ್ಪಲಾರೆ.

ಕೆತ್ತನೆಯ ಕಂಬ, ದೊಡ್ಡ ಅಂಗಳ ಇದ್ದದ್ದು ಜಮೀನಿನ ಒಡೆಯರ ಮನೆಗಳಲ್ಲಿ. ಗೇಣಿದಾರರ ಮನೆಗೆ ಮಣ್ಣಿನ ಗೋಡೆ, ಹುಲ್ಲಿನದೋ ಅಡಿಕೆ ಸೋಗೆಯದೋ ಮಾಡು. ಒಡೆಯರ ಜಗಲಿ ಹತ್ತುವ ಹಕ್ಕು ಎಲ್ಲ ಜಾತಿಯವರಿಗೂ ಇರಲಿಲ್ಲ. ಇದೇ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಹೊತ್ತಿಕೊಂಡ ಜಗಳ ಅದು. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಡಿದ ರೈತರಲ್ಲಿ ಹೆಚ್ಚಿನವರು ದೀವರು. ಹಸೆ ಚಿತ್ತಾರ ಬರೆಯುವ ಹೆಂಗಸರೂ ದೀವರ ಮನೆಯವರೇ. ಒಡೆಯರ ಮನೆಯನ್ನು ನಕಲು ಮಾಡಿ, ಅದರ ಗೋಡೆಗೆ ಗೇಣಿದಾರರ ಮನೆಯ ಚಿತ್ತಾರ ಬರೆಸಿ, ಇದು ನಮ್ಮೆಲ್ಲರ ಪರಂಪರೆ ಎನ್ನುವುದು ಆ ಹೋರಾಟಕ್ಕೆ ಮಾಡುವ ಅನ್ಯಾಯ.

ಹಸೆ ಬರೆಯುವುದನ್ನು ಹತ್ತಿರದಿಂದ ನೋಡಬೇಕು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿದಾಗಿಸಿದ ಅಕ್ಕಿಯ ಕಪ್ಪು, ಪುಂಡಿನಾರಿನ ಕುಂಚ. ಮದುವೆ ಬಂದಾಗ ಹೊಸದಾಗಿ ಬರೆಯುತ್ತಾರೆ. ಎನಾಮಲ್ ಬಣ್ಣದಲ್ಲಿ ಒಮ್ಮೆ ಬರೆಸಿಬಿಟ್ಟರೆ ಆ ಕೈಗಳಿಗೆ ಮತ್ತೆ ಕೆಲಸವಿಲ್ಲ. ವರ್ಷಕ್ಕೊಮ್ಮೆ ಅವರನ್ನು ಕರೆದು, ಸರಿಯಾದ ಸಂಭಾವನೆ ಕೊಟ್ಟು ಬರೆಸುವ ಒಂದೇ ಒಂದು ಮಣ್ಣಿನ ಗೋಡೆ ಇಟ್ಟರೆ ಸಾಕು.

ಈ ಮಂಗಳೂರು ಹಂಚೂ ಅನಾದಿ ಕಾಲದ್ದಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಘಟ್ಟ ಹತ್ತಿತು. ಮಳೆಗೆ ತಡೆಯುತ್ತದೆಂದು ನಮ್ಮ ಹಿರಿಯರು ಒಪ್ಪಿಕೊಂಡರು. ನಾವೋ ಎದುರಿಗೆ ಎರಡು ಸಾಲು ಹಂಚು ಹೊದಿಸಿ ಹಿಂದೆ ಸಪಾಟು ತಾರಸಿ ಹಾಕುತ್ತೇವೆ. ಅದು ಸೋರತೊಡಗಿದ ಮೇಲೆ ಶೀಟು ಹೊದಿಸುತ್ತೇವೆ. ತಾರಸಿಯೂ ಇಲ್ಲದ ಬರೀ ಶೀಟಿನ ಸಭಾಂಗಣವಾದರೆ, ಆಷಾಢದ ಮಳೆಯಲ್ಲಿ ನಟರ ಮಾತು ಮೂರನೇ ಸಾಲಿಗೂ ಕೇಳುವುದಿಲ್ಲ.

ಹತ್ತಿರದಲ್ಲೇ ಬೇರೆ ಮಾದರಿಯೊಂದಿದೆ. ಹೆಗ್ಗೋಡಿನಲ್ಲಿ ನಾಟಕ ಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ, ಅದರ ಶಿವರಾಮ ಕಾರಂತ ರಂಗಮಂದಿರ ಬಂದದ್ದು 1972ರಲ್ಲಿ. ನಡುವಿನ ಎರಡು ದಶಕಕ್ಕೂ ಹೆಚ್ಚು ಕಾಲ ಆ ಊರು ನಾಟಕ ಆಡಿತ್ತು, ನೋಡಿತ್ತು. ಕಟ್ಟುವ ಹೊತ್ತಿಗೆ ಅದರ ಬೆನ್ನಿಗೆ ಅಷ್ಟು ಅನುಭವವಿತ್ತು.

ತಾಳಗುಪ್ಪದಲ್ಲಿ ಕಟ್ಟುವವರೂ ಎಂಜಿನಿಯರ್ ಬರೆದ ಮುಂಭಾಗದ ಚಿತ್ರವನ್ನು ಬದಿಗಿಟ್ಟು ಮೊದಲು ಯಕ್ಷಗಾನ ಮೇಳದವರನ್ನು, ತಾಳಮದ್ದಲೆಯವರನ್ನು, ಶಾಲೆಯಲ್ಲಿ ನಾಟಕ ಆಡಿಸುವ ಮೇಷ್ಟರನ್ನು ಕೂರಿಸಿ ಕೇಳಲಿ. ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ಎಷ್ಟು ಜಾಗ ಬೇಕು, ವೇಷ ಕಟ್ಟುವ ಹೆಂಗಸರಿಗೆ ಬಾಗಿಲಿರುವ ಕೋಣೆ, ಶೌಚಾಲಯ ಎಲ್ಲಿ, ಇರಚಲು ಒಳಗೆ ಹೊಡೆಯದಂತೆ ಮಾಡು ಎಷ್ಟು ಮುಂದೆ ಚಾಚಬೇಕು? ಮತ್ತೆ, ಒಳಗೆ ಹೋಗಲು ಯಾರೂ ಮೆಟ್ಟಿಲು ಹತ್ತಬೇಕಾಗದ ಹಾಗೆ ನೆಲವನ್ನು ರಸ್ತೆಯ ಮಟ್ಟಕ್ಕೇ ಇಟ್ಟು, ನೀರು ಹೋಗಲು ಸುತ್ತ ಅಗಲವಾದ ಚರಂಡಿ ತೋಡಲಿ.