ಹಿಮದ ಮೇಲ್ಮೈಯಿಂದ ಹೊರಟ ಪ್ರೋಟಾನು

ಅತ್ಯುಚ್ಚ ನಿರ್ವಾತದ ಉಕ್ಕಿನ ಕೋಶದೊಳಗೆ, ಕಡುಶೀತಲವಾದ ಲೋಹದ ಬಿಲ್ಲೆಯೊಂದರ ಮೇಲೆ ನೀರಾವಿಯನ್ನು ಮಿತವಾಗಿ ಬಿಟ್ಟು, ಅದು ಕೆಲವೇ ಅಣುಗಳ ದಪ್ಪಕ್ಕೆ ಹೆಪ್ಪುಗಟ್ಟಿದ ತರುವಾಯ ಅದರ ಮೇಲೆ ಮೃದು ಕ್ಷ-ಕಿರಣವನ್ನು ಹಾಯಿಸಿ, ಸಿಡಿದುಬರುವ ಪ್ರೋಟಾನುಗಳನ್ನು ಎಣಿಸುತ್ತ ಕೂರುವ ಪ್ರಯೋಗಕ್ಕಿಂತ ರಸವತ್ತಾದುದು ಮೇಲ್ಮೈವಿಜ್ಞಾನದಲ್ಲಿ ಇನ್ನೊಂದಿದೆಯೆಂದು ನನಗೆ ತೋರದು.

ಕಿರಣದ ಶಕ್ತಿ ಆಮ್ಲಜನಕಕ್ಕೆ ತಕ್ಕಷ್ಟಾದೊಡನೆ ಆ ಪರಮಾಣುವಿನ ಅತ್ಯಂತ ಒಳಗವಚದ ಎಲೆಕ್ಟ್ರಾನು ಸ್ಥಾನಭ್ರಷ್ಟವಾಗುತ್ತದೆ. ತೆರವಾದ ಎಡೆಗೆ ಹೊರಗವಚದ ಎಲೆಕ್ಟ್ರಾನೊಂದು ಇಳಿಯುವಾಗ ಮಿಗುವ ಶಕ್ತಿಯು ಬೆಳಕಾಗಿ ಹೊರಡುವುದು ನೂರರಲ್ಲಿ ಒಂದು ಬಾರಿಯೂ ಇಲ್ಲ. ಅದು ಮತ್ತೊಂದು ಎಲೆಕ್ಟ್ರಾನನ್ನೇ ಹೊರದೂಡುತ್ತದೆ. ಲೀಸ್ ಮೈಟ್ನರ್ ಮತ್ತು ಪಿಯರ್ ಓಜೆ 1920ರ ದಶಕದ ಆದಿಯಲ್ಲಿ ಬೇರೆಬೇರೆಯಾಗಿ ಕಂಡ ಕ್ರಿಯೆಯಿದು. ಬಂಧವನ್ನು ಬಿಗಿದಿದ್ದ ಎಲೆಕ್ಟ್ರಾನುಗಳು ಹೀಗೆ ಕಳಚಿಹೋಗಲು, ಉಳಿದ ಧನಾವೇಶಗಳು ಪರಸ್ಪರ ವಿಕರ್ಷಿಸಿ, ಹಗುರವಾದ ಜಲಜನಕವು ಅಯಾನಾಗಿ ಹೊರಕ್ಕೆ ಚಿಮ್ಮುತ್ತದೆ. ಟೈಟೇನಿಯಂ ಆಕ್ಸೈಡಿನಲ್ಲಿ ಋಣಾವೇಶದಿಂದಿರುವ ಆಮ್ಲಜನಕವು ಧನಾಯಾನಾಗಿ ಹೊರಬೀಳುವ ಒಗಟನ್ನು ನೋಟೆಕ್ ಮತ್ತು ಫೈಬಲ್ಮನ್ 1978ರಲ್ಲಿ ಬಿಡಿಸಿದ್ದು ಇದೇ ಓಜೆ ಕ್ರಿಯೆಯ ಬಲದಿಂದ.

ಆದರೆ ನನ್ನನ್ನು ಸೆರೆಹಿಡಿದಿರುವುದು 535 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು. ಆಗ ಒಳಗಿನ ಎಲೆಕ್ಟ್ರಾನು ಅಣುವನ್ನು ಬಿಟ್ಟೋಡದೆ, ಬಂಧವನ್ನು ಸಡಿಲಿಸುವ ಖಾಲಿ ಕಕ್ಷಕವೊಂದಕ್ಕೆ ಏರುತ್ತದೆ. ತೆರವಿನ ಆಯುಸ್ಸು ನಾಲ್ಕು ಫೆಮ್ಟೊಸೆಕೆಂಡಿನಷ್ಟೇ ಆದರೂ, ಅದು ತುಂಬುವ ಮುನ್ನವೇ ಜಲಜನಕ ಹೊರಹೆಜ್ಜೆ ಇಟ್ಟಿರುತ್ತದೆ. ಎಲೆಕ್ಟ್ರಾನುಗಳನ್ನೆಲ್ಲ ಒಟ್ಟಾಗಿ ಅಳೆದು ಬರೆದ ರೇಖೆಯಲ್ಲಿ, ಸಂತೆಯ ಗದ್ದಲದಲ್ಲಿ ಒಬ್ಬನ ದನಿ ಅಡಗುವಂತೆ, ಈ ಘಟನೆ ಒಂದು ಸಣ್ಣ ಉಬ್ಬಾಗಿ ಅಡಗಿಹೋಗುತ್ತದೆ. ಪ್ರೋಟಾನಿನ ರೇಖೆಯಲ್ಲಾದರೋ ಅದು ಶಿಖರವಾಗಿ ಎದ್ದುನಿಲ್ಲುತ್ತದೆ. ಆಳದಲ್ಲಿ ಹುಟ್ಟಿದ ಅಯಾನುಗಳು ದಾರಿಯಲ್ಲೇ ಆವೇಶ ಕಳೆದುಕೊಂಡೋ ಸೆರೆಸಿಕ್ಕೋ ಉಳಿದುಬಿಡುವುದರಿಂದ, ಹೊರಬಂದವು ಬಹುಮಟ್ಟಿಗೆ ಅತಿಮೇಲಿನ ಪದರದವು. ಅಲ್ಲಿ ಕೆಲವು ಜಲಜನಕಗಳಿಗೆ ಹಿಡಿದುಕೊಳ್ಳಲು ನೆರೆಯ ಅಣುವೇ ಇರುವುದಿಲ್ಲ.

ತಾರಾಂತರ ಧೂಳಿನ ಮೇಲಿನ ಹಿಮಕ್ಕೂ ಇದಕ್ಕೂ ಸಂಬಂಧವುಂಟು. ಅಲ್ಲಿ ಆವೇಶರಹಿತ ಕಣಗಳೇ ಹೆಚ್ಚಾಗಿ ಹಾರಿಹೋಗುವುವೆಂಬುದನ್ನು ಮರೆಯದಿದ್ದರೆ ಸಾಕು.

ಜಪಾನಿನ ತ್ಸುಕುಬಾದ ಫೋಟಾನ್ ಫ್ಯಾಕ್ಟರಿಯಲ್ಲಿ, 187 ಮೀಟರ್ ಸುತ್ತಳತೆಯ ವರ್ತುಲದೊಳಗೆ ಎಲೆಕ್ಟ್ರಾನುಗಳ ಒಂದೇ ಗುಚ್ಛವನ್ನು ಸುತ್ತಿಸಿದಾಗ 624 ನ್ಯಾನೊಸೆಕೆಂಡಿಗೊಮ್ಮೆ ಕಿರಣ ಮಿನುಗುತ್ತದೆ. ಆ ಬಿಡುವಿನಲ್ಲಿ ಅಯಾನಿನ ಪ್ರಯಾಣಕಾಲವನ್ನು ಅಳೆಯಬಹುದು. ಅಲ್ಲಿನವರು ಇದರಿಂದಲೂ ಮುಂದುವರಿದು, ಒಂದೇ ಘಟನೆಯಲ್ಲಿ ಹುಟ್ಟಿದ ಓಜೆ ಎಲೆಕ್ಟ್ರಾನನ್ನೂ ಅಯಾನನ್ನೂ ಜೊತೆಜೊತೆಯಾಗಿ ಹಿಡಿದರು. ಆ ಜೋಡಿಯ ರುಚಿ ಹತ್ತಿದ ಮೇಲೆ, ಬರಿಯ ಅಯಾನಿನ ಎಣಿಕೆ ಕೊಟ್ಟು ಸುಮ್ಮನಾಗುವ ಪ್ರಬಂಧಗಳನ್ನು ನಾನು ಅರ್ಧದಲ್ಲೇ ಮಡಚಿಡುವುದುಂಟು.