ಗ್ಲೀಸನ್ ಅಂಕ: ಒಂದು ವಿಮರ್ಶೆ

ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಉಂಟೇ ಎಂಬುದನ್ನು ನಿಶ್ಚಯಿಸಲು ಸೂಜಿಯಿಂದ ತೆಗೆದ ಅಂಗಾಂಶವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸುವರು. ಸಂದೇಹವಿರುವೆಡೆ ಪಿ63 ಮೊದಲಾದ ಪ್ರೋಟೀನುಗಳಿಗೆ ಬಣ್ಣವೇರಿಸಿ ಗ್ರಂಥಿಯ ತಳಪದರದ ಜೀವಕೋಶಗಳನ್ನು ಅರಸುವರು. ಅವುಗಳ ಅಭಾವವು ಕ್ಯಾನ್ಸರಿಗೆ ಪ್ರಬಲವಾದ ಸಾಕ್ಷ್ಯ. ಇಷ್ಟರಮಟ್ಟಿಗೆ ವಿಧಾನವು ಶ್ಲಾಘ್ಯವೇ. ವಿಚಾರಣೀಯವಾದುದು ಫಲಿತವನ್ನು ತಿಳಿಸುವ ಭಾಷೆ.

1966ರಲ್ಲಿ ಅಮೆರಿಕದ ಡೊನಾಲ್ಡ್ ಗ್ಲೀಸನ್ನರು ಗ್ರಂಥಿರಚನೆಯು ಕೆಡುವ ಬಗೆಯನ್ನು ಐದು ವಿನ್ಯಾಸಗಳಾಗಿ ವಿಂಗಡಿಸಿದರು. ಹೆಚ್ಚಾಗಿ ಹರಡಿದ ಎರಡರ ಅಂಕಗಳನ್ನು ಕೂಡಿಸುವುದು ಅವರ ಕ್ರಮ. ಬಿಡಿ ಕೋಶದ ರೂಪಕ್ಕಿಂತ ಕೋಶಗಳ ಜೋಡಣೆಯನ್ನೇ ಪ್ರಮಾಣವಾಗಿ ಹಿಡಿದುದು ಅವರ ಹಿರಿಮೆ.

ಆದರೆ ಮೊತ್ತವು ಅರ್ಥವನ್ನು ಮರೆಮಾಡಿತು. ಪ್ರಧಾನವಿನ್ಯಾಸವು 3, ಗೌಣವು 4 ಆದರೂ, ಪ್ರಧಾನವು 4, ಗೌಣವು 3 ಆದರೂ ಮೊತ್ತ 7. ರೋಗವು ಎರಡನೆಯದರಲ್ಲಿ ಹೆಚ್ಚು ಉಗ್ರ. ಸೂಜಿಪರೀಕ್ಷೆಯಲ್ಲಿ 2ರಿಂದ 5ರವರೆಗಿನ ಮೊತ್ತಗಳು ಬಳಕೆ ತಪ್ಪಿದ ಮೇಲೆ 6 ಎಂಬುದೇ ಕನಿಷ್ಠವಾಯಿತು. 10ರಲ್ಲಿ 6 ಎಂದು ಓದಿದ ರೋಗಿಯು ಅದನ್ನು ಮಧ್ಯಮವೆಂದು ಬಗೆದು, ಎಚ್ಚರದಿಂದ ಕಾದುನೋಡುವುದು ಸಾಕಾದಲ್ಲಿಯೂ ಶಸ್ತ್ರಚಿಕಿತ್ಸೆಗೆ ಒಡಂಬಡುವ ಅಪಾಯವುಂಟು.

2014ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಮಾವೇಶವು ಒಪ್ಪಿದ ಐದು ವರ್ಗಗಳ ಕ್ರಮವು ಈ ದೋಷವನ್ನು ಬಹುಮಟ್ಟಿಗೆ ಕಳೆಯಿತು: ಅದರಲ್ಲಿ 6 ಒಂದನೆಯ ವರ್ಗ, ಎರಡು ಬಗೆಯ 7 ಎರಡನೆಯ ಮತ್ತು ಮೂರನೆಯ ವರ್ಗಗಳು. ಶಾಸ್ತ್ರದಲ್ಲಿಯೂ ಸಂಜ್ಞೆಯು ಅರ್ಥವನ್ನು ಅನುಸರಿಸಬೇಕು. ಇಲ್ಲವಾದರೆ ಸರಿಯಾದ ಪರೀಕ್ಷೆಯೂ ತಪ್ಪು ನಿರ್ಣಯಕ್ಕೆ ಎಡೆಗೊಡುವುದು.