ಹಳೇ ವೇಷದ ಹೊಸ ಕ್ಯಾಮೆರಾಗಳು

ನಿಕಾನ್ ಝಡ್‌ಎಫ್ ಮತ್ತು ಫ್ಯೂಜಿಫಿಲ್ಮ್ ಎಕ್ಸ್-ಟಿ5, ಎರಡನ್ನೂ ಆಫ್ ಮಾಡಿ ಮೇಜಿನ ಮೇಲಿಟ್ಟು ಮೇಲಿನಿಂದ ನೋಡಿ. ಫ್ಯೂಜಿಯಲ್ಲಿ ಐಎಸ್‌ಒ ಎಷ್ಟಿದೆ, ಶಟರ್ ವೇಗ ಎಷ್ಟಿದೆ, ಎಕ್ಸ್‌ಪೋಷರನ್ನು ಎಷ್ಟು ಏರಿಸಿ ಇಳಿಸಿಟ್ಟಿದ್ದೀರಿ, ಲೆನ್ಸಿನ ಅಪರ್ಚರ್ ಎಷ್ಟಕ್ಕೆ ನಿಂತಿದೆ ಎಂಬ ನಾಲ್ಕೂ ಸಂಗತಿ ಕಣ್ಣಿಗೆ ಕಾಣುತ್ತವೆ. ನಿಕಾನಿನಲ್ಲಿ ಮೊದಲ ಮೂರು ಕಾಣುತ್ತವೆ. ನಾಲ್ಕನೆಯದಕ್ಕೆ ಮೇಲ್ತಟ್ಟೆಯಲ್ಲಿ ಒಂದು ಪುಟ್ಟ ಕಿಟಕಿ ಕೊಟ್ಟಿದ್ದಾರೆ. ಸ್ವಿಚ್ ಹಾಕಿದಾಗ ಅದರಲ್ಲಿ ಎಫ್ ಸಂಖ್ಯೆ ಮೂಡುತ್ತದೆ, ಆರಿಸಿದರೆ ಖಾಲಿ. ಇಷ್ಟೇ ತಾನೇ ವ್ಯತ್ಯಾಸ ಎನ್ನಬಹುದು. ಈ ಜಾತಿಯ ಕ್ಯಾಮೆರಾಗಳನ್ನು ಕೈಯಲ್ಲಿ ಹಿಡಿದು ಓಡಾಡಿದ ಮೇಲೆ ನನಗನ್ನಿಸಿದ್ದು, ಅಳೆಯಬೇಕಾದ ವ್ಯತ್ಯಾಸ ಇದೊಂದೇ. ಹಳೆಯ ರೂಪ ಬರೀ ತೋರಿಕೆಗೋ ಕೆಲಸಕ್ಕೋ ಎನ್ನುವುದು ಬಾಡಿಯಲ್ಲಿ ಗೊತ್ತಾಗುವುದಿಲ್ಲ. ಲೆನ್ಸ್ ನೋಡಿದರೆ ಗೊತ್ತಾಗುತ್ತದೆ.

2023ರಲ್ಲಿ ಬಂದ ಝಡ್‌ಎಫ್ ತನ್ನ ಚಹರೆಯನ್ನು 1982ರ ಎಫ್‌ಎಂ2ನಿಂದ ತೆಗೆದುಕೊಂಡಿದೆ. ಎಫ್‌ಎಂ2 ಪೂರ್ತಿ ಯಾಂತ್ರಿಕ ಕ್ಯಾಮೆರಾ. ಬ್ಯಾಟರಿ ಬೇಕಾಗಿದ್ದದ್ದು ಒಳಗಿನ ಲೈಟ್ ಮೀಟರಿಗೆ ಮಾತ್ರ. ಸೆಲ್ ಸತ್ತರೂ ಶಟರ್ ಬೀಳುತ್ತಿತ್ತು, ಅದೂ ಸೆಕೆಂಡಿನ 4000ದಲ್ಲಿ ಒಂದು ಭಾಗದವರೆಗೆ. ನಮ್ಮಲ್ಲಿ ಫೋಟೋಗ್ರಫಿ ಕಲಿತ ಒಂದು ತಲೆಮಾರಿನ ಎಷ್ಟೋ ಜನರ ಕೈಗೆ ಮೊದಲು ಬಂದದ್ದು ಅದರ ಬಡ ತಮ್ಮನಂಥ ಎಫ್‌ಎಂ10. ಹೆಸರು ನಿಕಾನಿನದಾದರೂ ತಯಾರಿಸಿದ್ದು ಕೊಸಿನಾ ಎಂಬ ಇನ್ನೊಂದು ಜಪಾನಿ ಕಂಪನಿ. ಅದರಲ್ಲಿ ಎಡಗೈ ಲೆನ್ಸಿನ ರಿಂಗ್ ಮೇಲೆ, ಬಲಗೈ ಶಟರ್ ಡಯಲ್ ಮೇಲೆ. ಬಿಸಿಲಿನಿಂದ ನೆರಳಿಗೆ ಬಂದರೆ ಎಡಗೈ ತಾನಾಗಿಯೇ ಎರಡು ಕ್ಲಿಕ್ ಹಿಂದಕ್ಕೆ ತಿರುಗಿಸುತ್ತಿತ್ತು. ಆ ಅಭ್ಯಾಸ ಇರುವವರು ಝಡ್‌ಎಫ್ ಹಿಡಿದರೆ ಬಲಗೈಗೆ ತವರಿಗೆ ಬಂದಷ್ಟು ಖುಷಿ. ಹಿತ್ತಾಳೆಯ ಡಯಲ್‌ಗಳು ಭಾರವಾಗಿ, ಗಟ್ಟಿ ಕ್ಲಿಕ್‌ನೊಂದಿಗೆ ತಿರುಗುತ್ತವೆ. ಎಡಗೈ ಮಾತ್ರ ಏನು ಮಾಡಬೇಕೆಂದು ತೋಚದೆ ಸುಮ್ಮನೆ ಲೆನ್ಸನ್ನು ಹೊತ್ತುಕೊಂಡಿರುತ್ತದೆ.

ಇದರ ಜೊತೆಗೆ ಮಾರುವ 40 ಎಂಎಂ ಎಫ್ 2 ಎಸ್‌ಇ ಲೆನ್ಸ್ ನೋಡಲು ನಿಕಾನಿನ ಹಳೆಯ ನಿಕ್ಕೋರ್ ಲೆನ್ಸ್‌ಗಳಂತೆಯೇ ಇದೆ. ಹೊರಮೈಯಲ್ಲಿ ಹಲ್ಲುಹಲ್ಲಾದ ಪಟ್ಟಿ, ಒಂದು ಬೆಳ್ಳಿ ಗೆರೆ. ಮೈಯೂ ಪ್ಲಾಸ್ಟಿಕ್, ಮೌಂಟೂ ಪ್ಲಾಸ್ಟಿಕ್, ತೂಕ ಸುಮಾರು 170 ಗ್ರಾಂ. ಹಗುರವಾಗಿರುವುದು ತಪ್ಪೇನಲ್ಲ, ಚಿತ್ರವೂ ಚೆನ್ನಾಗಿಯೇ ಬರುತ್ತದೆ. ಎಫ್ 2ರಲ್ಲಿ ಹತ್ತಿರದಿಂದ ತೆಗೆದರೆ ಅಂಚುಗಳಲ್ಲಿ ತುಸು ಮಂಜು ಕಾಣುತ್ತದೆ, ಒಂದು ಸ್ಟಾಪ್ ಇಳಿಸಿದರೆ ಸರಿಹೋಗುತ್ತದೆ. ನನ್ನ ತಕರಾರು ಆ ಪಟ್ಟಿಯ ಬಗ್ಗೆ. ಅಪರ್ಚರ್ ರಿಂಗ್ ಇರಬೇಕಾದ ಕಡೆ ಅದರ ನೆನಪನ್ನು ಅಂಟಿಸಿದ್ದಾರೆ. ತಿರುಗುವ ಒಂದೇ ರಿಂಗಿಗೆ ಮೆನುವಿನಲ್ಲಿ ಅಪರ್ಚರ್ ಕೆಲಸವನ್ನು ವಹಿಸಬಹುದು ನಿಜ. ಆದರೆ ಅದಕ್ಕೆ ಕ್ಲಿಕ್ ಇಲ್ಲ, ಅಂಕಿ ಇಲ್ಲ, ಕೊನೆಯೂ ಇಲ್ಲ, ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ. ಚೀಲದಿಂದ ತೆಗೆಯುವಾಗ ಬೆರಳು ತಾಗಿದರೂ ಎಫ್ 4 ಹೋಗಿ 5.6 ಆಗಿರುತ್ತದೆ. ಕೊನೆಗೆ ಆ ಹೊಣೆಯನ್ನು ರಿಂಗಿನಿಂದ ಕಿತ್ತು ಬಲಗೈ ತೋರುಬೆರಳಿನ ಚಕ್ರಕ್ಕೇ ಕೊಡಬೇಕಾಗುತ್ತದೆ, ಉಳಿದ ಹೆಚ್ಚಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಇರುವಂತೆ.

ಇನ್ನೊಂದು ಎಡವಟ್ಟು ಇದಕ್ಕಿಂತ ದೊಡ್ಡದು. ಝಡ್‌ಎಫ್‌ನ ಐಎಸ್‌ಒ ಡಯಲಿನ ಬುಡದಲ್ಲಿ ಪಿ, ಎಸ್, ಎ, ಎಂ ಎಂಬ ಮೋಡ್‌ಗಳ ಸಣ್ಣ ಸನ್ನೆಕೋಲಿದೆ. ಅದನ್ನು ‘ಎ’ಗೋ ‘ಪಿ’ಗೋ ಇಟ್ಟಿರಿ ಎನ್ನಿ, ಬಲಗಡೆಯ ಚೆಂದದ ಶಟರ್ ಡಯಲ್ ನಿರುದ್ಯೋಗಿ. ಅದರ ಮೇಲೆ 125 ಅಂತ ಬರೆದಿರುತ್ತದೆ, ಕ್ಯಾಮೆರಾ 2000ದಲ್ಲಿ ಓಡುತ್ತಿರುತ್ತದೆ. ಮೈಸೂರು ಎಂದು ಬೋರ್ಡ್ ಹಾಕಿಕೊಂಡು ಮಂಗಳೂರಿಗೆ ಹೊರಟ ಬಸ್ಸು ಇದು. ಫ್ಯೂಜಿಯವರು ಈ ಸಮಸ್ಯೆಯನ್ನು ಬುಡದಲ್ಲೇ ಕಿತ್ತಿದ್ದಾರೆ. ಎಕ್ಸ್-ಟಿ5ರಲ್ಲಿ ಮೋಡ್ ಡಯಲ್ಲೇ ಇಲ್ಲ. ಶಟರ್ ಡಯಲಿನಲ್ಲೇ ಒಂದು ‘ಎ’, ಲೆನ್ಸಿನ ರಿಂಗಿನಲ್ಲಿ ಒಂದು ‘ಎ’, ಐಎಸ್‌ಒನಲ್ಲೂ ಒಂದು ‘ಎ’. ಯಾವುದನ್ನು ಕ್ಯಾಮೆರಾಕ್ಕೆ ಬಿಡಬೇಕೋ ಅದನ್ನು ‘ಎ’ಗೆ ತಿರುಗಿಸಿದರೆ ಮುಗಿಯಿತು. ಮೂರನ್ನೂ ಬಿಟ್ಟರೆ ಪೂರ್ತಿ ಆಟೋ, ಮೂರನ್ನೂ ಹಿಡಿದರೆ ಪೂರ್ತಿ ಮ್ಯಾನ್ಯುಯಲ್. ಹೊಸಬರಿಗೆ ಎಕ್ಸ್‌ಪೋಷರ್ ಎಂದರೇನೆಂದು ಹೇಳಿಕೊಡಲು ಇದಕ್ಕಿಂತ ಸರಳವಾದ ಉಪಕರಣ ಈಗಿನ ಮಾರುಕಟ್ಟೆಯಲ್ಲಿ ನಾನು ಕಂಡಿಲ್ಲ.

ಹಾಗೆಂದು ಫ್ಯೂಜಿಯನ್ನೂ ತಲೆಯ ಮೇಲೆ ಹೊರಬೇಕಿಲ್ಲ. ಅವರ ಎಷ್ಟೋ ಮಂದಿ ಗ್ರಾಹಕರ ಕೈಯಲ್ಲಿರುವ 18-55 ಝೂಮ್ ಲೆನ್ಸಿಗೆ ಅಪರ್ಚರ್ ರಿಂಗ್ ಇದೆ, ಅಂಕಿಗಳಿಲ್ಲ. ಝೂಮ್ ಮಾಡಿದಂತೆ ಗರಿಷ್ಠ ಅಪರ್ಚರ್ ಬದಲಾಗುವುದರಿಂದ ಅಂಕಿ ಕೆತ್ತಲು ಬಾರದು ಎಂಬುದು ಕಾರಣ, ಒಪ್ಪಬಹುದಾದ ಕಾರಣವೇ. ಅಗ್ಗದ ಎಕ್ಸ್‌ಸಿ ಸರಣಿಯ ಲೆನ್ಸ್‌ಗಳಲ್ಲಂತೂ ರಿಂಗೇ ಇಲ್ಲ. ಅಂಥದ್ದನ್ನು ಹಾಕಿದ ಕೂಡಲೇ ಎಕ್ಸ್-ಟಿ5 ಕೂಡ ಝಡ್‌ಎಫ್‌ನ ಸಾಲಿಗೇ ಸೇರುತ್ತದೆ. ಎಕ್ಸ್‌ಪೋಷರ್ ಕಾಂಪನ್ಸೇಷನ್ ಡಯಲಿಗೆ ಬೀಗವಿಲ್ಲದ ಕಾರಣ ಚೀಲದಲ್ಲಿ ಉಜ್ಜಿಕೊಂಡು ತಾನೇ ತಿರುಗುವ ಚಾಳಿಯೂ ಇದೆ.

ಫ್ಯೂಜಿಯ ಈ ಡಯಲ್-ರಿಂಗ್ ವ್ಯವಸ್ಥೆಗೆ ಜೀವ ತುಂಬುವುದು 2012ರ ಎಕ್ಸ್‌ಎಫ್ 35 ಎಂಎಂ ಎಫ್ 1.4. ಮೊದಲ ಎಕ್ಸ್-ಪ್ರೊ1 ಕ್ಯಾಮೆರಾದ ಜೊತೆ ಬಂದ ಲೆನ್ಸ್. ಫೋಕಸ್ ಮಾಡುವಾಗ ಒಳಗಿನ ಗಾಜುಗಳ ಇಡೀ ಗುಂಪು ಹಿಂದೆ ಮುಂದೆ ಚಲಿಸಬೇಕು. ಆ ಸದ್ದು ಗರ್ ಎಂದು ಕೇಳುತ್ತದೆ, ಮಬ್ಬು ಬೆಳಕಿನಲ್ಲಿ ಅತ್ತಿತ್ತ ತಡಕಾಡುತ್ತದೆ. ಎಕ್ಸ್-ಟಿ5ರ 40 ಮೆಗಾಪಿಕ್ಸೆಲ್ ಸೆನ್ಸರಿಗೆ ಪೂರ್ತಿ ನ್ಯಾಯ ಕೊಡುವ ಲೆನ್ಸ್‌ಗಳೆಂದು ಫ್ಯೂಜಿಯೇ ಕೊಟ್ಟ ಪಟ್ಟಿಯಲ್ಲಿ ಇದರ ಹೆಸರಿಲ್ಲ. ಆದರೂ ನಾನು ಮತ್ತೆ ಮತ್ತೆ ಇದನ್ನೇ ಹಾಕಿಕೊಂಡೆ. ತೀಕ್ಷ್ಣತೆಯನ್ನು ಚಾರ್ಟ್ ಮೇಲೆ ಅಳೆಯುವವರಿಗೆ ಈ ಮೋಹ ಅರ್ಥವಾಗುವುದಿಲ್ಲ. ಎಫ್ 1.4ರಲ್ಲಿ ಮುಖದ ಮೇಲೆ ಬಿದ್ದ ಬೆಳಕು ಚರ್ಮದಿಂದ ನಿಧಾನವಾಗಿ ಇಳಿದು ನೆರಳಿಗೆ ಸೇರುತ್ತದೆ, ಕತ್ತರಿಸಿದಂತೆ ನಿಲ್ಲುವುದಿಲ್ಲ. ಅದೇ ಅಳತೆಯ ಹೊಸ ಲೆನ್ಸ್‌ಗಳು ಎಲ್ಲವನ್ನೂ ಹೆಚ್ಚು ಸರಿಯಾಗಿ ತೋರಿಸುತ್ತವೆ, ಹೆಚ್ಚು ಬೇಗ ಫೋಕಸ್ ಮಾಡುತ್ತವೆ, ಒಂದಕ್ಕೊಂದು ಹೆಚ್ಚು ಹೋಲುತ್ತವೆ.

ಕ್ಯಾಮೆರಾ ಪರೀಕ್ಷೆಗೆಂದು ಮೈಸೂರಿನ ದೇವರಾಜ ಮಾರುಕಟ್ಟೆಯ ಕುಂಕುಮದ ರಾಶಿಗೆ ಹೋಗುವವರು ಹೋಗಲಿ, ಅಲ್ಲಿ ಯಾವ ಕ್ಯಾಮೆರಾವೂ ಫೇಲಾಗುವುದಿಲ್ಲ. ಯಕ್ಷಗಾನದ ಚೌಕಿ ಕಷ್ಟದ ಜಾಗ. ಪೆಟ್ಟಿಗೆಗಳ ಸಾಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತ ಕಲಾವಿದರು, ಕೈಯಲ್ಲಿ ಸಣ್ಣ ಕನ್ನಡಿ, ತಲೆಯ ಮೇಲೆ ಕಂಡಕಂಡ ಬಣ್ಣದ ಎಲ್‌ಇಡಿ ದೀಪಗಳು. ತೆಂಕುತಿಟ್ಟಿನ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಕಡ್ಡಿಯ ತುದಿಯಿಂದ ಒಂದೊಂದೇ ಚುಕ್ಕಿಯಾಗಿ ಕೆನ್ನೆಯ ಮೇಲೆ ಇಡುತ್ತಾ ಹೋಗುತ್ತಾರೆ. ಗಂಟೆಗಟ್ಟಲೆಯ ಕೆಲಸ. ಆ ಮುಖದಿಂದ ಎರಡಡಿ ದೂರದಲ್ಲಿ ಕುಳಿತು ಟಪ್ ಟಪ್ ಎಂದು ಶಟರ್ ಬಡಿಯಲು ಮನಸ್ಸು ಬರುವುದಿಲ್ಲ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿಗೆ ಬದಲಾಯಿಸಿದರೆ ಎಲ್‌ಇಡಿಯ ಮಿನುಗು ಚಿತ್ರದ ಮೇಲೆ ಅಡ್ಡಪಟ್ಟಿಗಳಾಗಿ ಬೀಳುತ್ತದೆ. ಸೆನ್ಸರ್ ಮೇಲಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರಿಂದ, ಓದುವಷ್ಟರಲ್ಲಿ ದೀಪ ಹಲವು ಸಲ ಮಂಕಾಗಿ ಬೆಳಗಿರುತ್ತದೆ. ಝಡ್‌ಎಫ್ ಮತ್ತು ಎಕ್ಸ್-ಟಿ5 ಎರಡಕ್ಕೂ ಈ ರೋಗವಿದೆ. ಇಲ್ಲಿ ಗೆಲ್ಲುವುದು ಫ್ಯೂಜಿಯದೇ ಎಕ್ಸ್100 VI. ಅದರ 23 ಎಂಎಂ ಲೆನ್ಸಿನ ಒಳಗೇ ಕುಳಿತ ಲೀಫ್ ಶಟರ್ ಇಡೀ ಸೆನ್ಸರಿಗೆ ಒಟ್ಟಿಗೇ ಬೆಳಕು ಬಿಡುತ್ತದೆ, ಪಟ್ಟಿಗಳ ಗೊಡವೆ ಇಲ್ಲ, ಸದ್ದು ಪಕ್ಕದವರಿಗೂ ಕೇಳಿಸದು.

ಇದೇ ಚೌಕಿಯಲ್ಲಿ ಫ್ಯೂಜಿಯ ಇನ್ನೊಂದು ಹೆಮ್ಮೆಯೂ ತೂಕಕ್ಕೆ ಬರುತ್ತದೆ. ಫಿಲ್ಮ್ ಸಿಮ್ಯುಲೇಷನ್ ಎಂದು ಅವರು ಕರೆಯುವ ಬಣ್ಣದ ಪಾಕಗಳು, ಹಲವು ತಮ್ಮದೇ ಹಳೆಯ ರೀಲುಗಳ ಹೆಸರು ಹೊತ್ತವು. ಎಕ್ಸ್100 VIರಲ್ಲಿ ಇಂಥವು 20 ಇವೆ. ವೆಲ್ವಿಯಾ ಹಾಕಿದರೆ ವೇಷದ ಕೆಂಪು ಉಕ್ಕಿ ಹರಿದು ಒಳಗಿನ ಗೆರೆಗಳೆಲ್ಲ ಅದರಲ್ಲೇ ಮುಳುಗುತ್ತವೆ. ಕ್ಲಾಸಿಕ್ ಕ್ರೋಮ್ ಹಾಕಿದರೆ ಕೆಂಪು ಹೆಂಚಿನ ಬಣ್ಣಕ್ಕೆ ಇಳಿದು ರಕ್ತಬೀಜಾಸುರನೂ ಸಂಭಾವಿತನಂತೆ ಕಾಣುತ್ತಾನೆ. ನನಗೆ ಒಗ್ಗಿದ್ದು ಮೆದುವಾದ ಆಸ್ಟಿಯಾ, ಅದೂ ಒಂದಿಷ್ಟು ಅಂಡರ್ ಎಕ್ಸ್‌ಪೋಸ್ ಮಾಡಿ. ನಿಕಾನ್ ಝಡ್‌ಎಫ್‌ನಲ್ಲಿ ಶಟರ್ ಡಯಲಿನ ಬುಡಕ್ಕೆ ಕಪ್ಪು-ಬಿಳುಪಿಗೆಂದೇ ಒಂದು ಸ್ವಿಚ್ ಇಟ್ಟಿದ್ದಾರೆ. ಬೀದಿಯಲ್ಲಿ ಅದು ಸೊಗಸಾದ ಸೌಕರ್ಯ, ಡೀಪ್ ಟೋನ್ ಎಂಬ ಹೊಸ ಛಾಯೆಯಂತೂ ಆಕಾಶವನ್ನೂ ಮುಖವನ್ನೂ ಬೇರೆಯದೇ ಮಾಡುತ್ತದೆ. ಬಣ್ಣವೇ ಪಾತ್ರದ ಗುಣ ಹೇಳುವ ಚೌಕಿಯಲ್ಲಿ ಆ ಸ್ವಿಚ್ಚನ್ನು ಮುಟ್ಟುವುದು ಅಧಿಕಪ್ರಸಂಗ.

ಇಷ್ಟು ಬೈದ ಝಡ್‌ಎಫ್ ನನ್ನನ್ನು ಬೆಚ್ಚಿಬೀಳಿಸಿದ್ದೂ ಉಂಟು, ಅದು ತನ್ನದಲ್ಲದ ಲೆನ್ಸಿನಿಂದ. ಎಫ್‌ಟಿಝಡ್ ಅಡಾಪ್ಟರಿನ ಮೂಲಕ ಎಫ್‌ಎಂ2 ಕಾಲದ ಮ್ಯಾನ್ಯುಯಲ್ 50 ಎಂಎಂ ಎಫ್ 1.8 ಹಾಕಿದೆ. ಎಡಗೈಗೆ ಅದರ ಕೆಲಸ ಮರಳಿ ಸಿಕ್ಕಿತು: ಅಂಕಿ ಕೆತ್ತಿದ, ಕ್ಲಿಕ್ಕಿಸುವ, ಎರಡೂ ಕೊನೆಯಲ್ಲಿ ಗಟ್ಟಿಯಾಗಿ ನಿಲ್ಲುವ ರಿಂಗ್. ಅದಕ್ಕಿಂತ ಹೆಚ್ಚಿನದು ಫೋಕಸ್. ಈ ಕ್ಯಾಮೆರಾ ಕೈಯಿಂದ ಫೋಕಸ್ ಮಾಡುವಾಗಲೂ ಕಣ್ಣನ್ನು ಗುರುತಿಸಿ ಚೌಕ ಹಾಕುತ್ತದೆ. ಹಿಗ್ಗಿಸುವ ಗುಂಡಿ ಒತ್ತಿದರೆ ವ್ಯೂಫೈಂಡರ್ ನೇರ ಆ ಕಣ್ಣಿಗೇ ಹೋಗಿ ನಿಲ್ಲುತ್ತದೆ. ರೆಪ್ಪೆಗೂದಲು ಬಿಡಿಬಿಡಿಯಾಗುವವರೆಗೆ ರಿಂಗನ್ನು ತಿರುಗಿಸಿ, ಒತ್ತಿದರಾಯಿತು. ಸೆನ್ಸರನ್ನೇ ಅಲುಗಿಸಿ ಕೈನಡುಕ ತಡೆಯುವ ವ್ಯವಸ್ಥೆಯೂ ಈ ಹಳೆಯ ಗಾಜಿಗೆ ದಕ್ಕುತ್ತದೆ, ಲೆನ್ಸಿನ ವಿವರವನ್ನು ಮೆನುವಿನಲ್ಲಿ ಒಮ್ಮೆ ಬರೆದಿಟ್ಟರೆ ಸಾಕು. ಎಫ್‌ಎಂ2ನಲ್ಲಿ ಈ ಲೆನ್ಸ್ ಬಳಸಿದವರಿಗೆ ಇಷ್ಟು ಸಲೀಸಾಗಿ ಎಫ್ 1.8ರಲ್ಲಿ ಕಣ್ಣು ಹಿಡಿಯಲು ಎಂದೂ ಆಗಿರಲಿಲ್ಲ. ಹಳತು–ಹೊಸತು ಎರಡೂ ತಮ್ಮ ತಮ್ಮ ಕೆಲಸ ಮಾಡಿದ್ದು ಇಲ್ಲಿ.

ಹಳೆಯ ಲೆನ್ಸ್ ಕೊಳ್ಳುವವರಿಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಕರಾವಳಿ, ಮಲೆನಾಡಿನಲ್ಲಿ ಬಾಳಿ ಬಂದ ಗಾಜಾದರೆ ಅಂಗಡಿಯಲ್ಲೇ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂತೆ ಕವಲೊಡೆದ ಬಿಳಿ ಗೆರೆ ಕಂಡರೆ ಅದು ಬೂಷ್ಟು, ವಾಪಸು ಕೊಡಿ. ಧೂಳಿನ ಕಣಗಳಿದ್ದರೆ ಚಿಂತೆ ಬೇಡ, ಚಿತ್ರದಲ್ಲಿ ಕಾಣುವುದಿಲ್ಲ.

ವಿಪರ್ಯಾಸವೆಂದರೆ ಹಳೆಯ ಲೆನ್ಸಿನ ರಿಂಗಿನ ಬೆಲೆ ನಿಕಾನಿಗೆ ಗೊತ್ತಿಲ್ಲದೆ ಇಲ್ಲ. 2013ರಲ್ಲಿ ಅವರೇ ತಂದ ಡಿಎಫ್ ಎಂಬ ಡಿಎಸ್‌ಎಲ್‌ಆರ್, ಮೌಂಟಿನ ಪಕ್ಕದ ಪುಟ್ಟ ಕೊಕ್ಕೆಯನ್ನು ಮಡಚಿಕೊಂಡು 1977ಕ್ಕಿಂತ ಹಿಂದಿನ ಲೆನ್ಸ್‌ಗಳನ್ನೂ ಒಪ್ಪುತ್ತಿತ್ತು. ವಿಡಿಯೋ ಇಲ್ಲ ಎಂದು, ದಪ್ಪ ಎಂದು ಎಲ್ಲರೂ ಅದನ್ನು ಗೇಲಿ ಮಾಡಿದರು. ದಪ್ಪವಾಗಿದ್ದುದು ನಿಜ. ಆದರೆ ಹಳೆಯ ಲೆನ್ಸಿನ ಅಪರ್ಚರ್ ರಿಂಗ್ ಏನು ಹೇಳುತ್ತಿದೆ ಎಂಬುದನ್ನು ಕೊಕ್ಕೆಯಿಂದ ಮುಟ್ಟಿ ತಿಳಿದುಕೊಳ್ಳುತ್ತಿದ್ದ ಕ್ಯಾಮೆರಾ ಅದು. ಎಫ್‌ಟಿಝಡ್‌ನಲ್ಲಿ ಆ ಕೊಕ್ಕೆ ಇಲ್ಲ.

ಇನ್ನು ಫ್ಯೂಜಿಯವರೂ ಕೈಯಲ್ಲಿದ್ದುದನ್ನು ಬಿಟ್ಟಿದ್ದಾರೆ. ಹಳೆಯ 14, 16, 23 ಎಂಎಂ ಲೆನ್ಸ್‌ಗಳಲ್ಲಿ ಫೋಕಸ್ ರಿಂಗನ್ನು ಹಿಂದಕ್ಕೆಳೆದರೆ ದೂರದ ಅಂಕಿಗಳು ಹೊರಬಂದು ಲೆನ್ಸ್ ಮ್ಯಾನ್ಯುಯಲ್ ಆಗುತ್ತಿತ್ತು. ಎರಡು ಮೀಟರಿಗೆ ಇಟ್ಟು, ಎಫ್ 8 ಹಾಕಿ, ಸಂತೆಯಲ್ಲಿ ಕಣ್ಣಿಗೆ ಹಿಡಿಯದೆಯೇ ತೆಗೆಯಬಹುದಿತ್ತು. 2021ರಲ್ಲಿ ಬಂದ ಹೊಸ 23 ಎಂಎಂ ಎಫ್ 1.4ರಲ್ಲಿ ಆ ಸೌಕರ್ಯ ಮಾಯ. ಫೋಕಸ್ ಬೇಗ, ಮಳೆ–ಧೂಳಿಗೆ ತಡೆ, ಚಿತ್ರ ಹರಿತ, ಎಲ್ಲ ಸರಿ. ನನ್ನನ್ನು ಕೇಳಿದರೆ ಸೆಕೆಂಡ್ ಹ್ಯಾಂಡಿನಲ್ಲಿ ಹಳೆಯದನ್ನೇ ಹುಡುಕಿ ಅನ್ನುತ್ತೇನೆ.

ಒಎಂ ಸಿಸ್ಟಮ್‌ನ ಒಎಂ-3, ನಿಕಾನಿನದೇ ಪುಟ್ಟ ಝಡ್‌ಎಫ್‌ಸಿ, ಇವೆರಡರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಎಂ-3ರ ನೆತ್ತಿಯಲ್ಲಿ ಇರುವುದು ಮಾಮೂಲಿ ಮೋಡ್ ಡಯಲ್. 1972ರ ಒಎಂ-1ರಲ್ಲಿ ಶಟರ್ ವೇಗದ ರಿಂಗ್ ಲೆನ್ಸ್ ಮೌಂಟಿನ ಸುತ್ತಲೇ ಇತ್ತು ಎಂಬುದನ್ನು ಅದರ ವಾರಸುದಾರರು ಮರೆತಂತಿದೆ. ಝಡ್‌ಎಫ್‌ಸಿ ಹಗುರ, ಮುದ್ದು, ಝಡ್‌ಎಫ್‌ನ ದೋಷವೆಲ್ಲ ಅದಕ್ಕೂ ಇದೆ.

ಝಡ್‌ಎಫ್ ಕೊಳ್ಳಬೇಡಿ ಎಂದು ನಾನು ಹೇಳುತ್ತಿಲ್ಲ. ಕತ್ತಲಲ್ಲಿ ಅದರ 24.5 ಮೆಗಾಪಿಕ್ಸೆಲ್ ಫುಲ್‌ಫ್ರೇಮ್ ಸೆನ್ಸರ್ ಎಕ್ಸ್-ಟಿ5ಗಿಂತ ಸಲೀಸಾಗಿ ಕೆಲಸ ಮಾಡುತ್ತದೆ. ಫೋಕಸ್ ಹಿಡಿದ ಮುಖವನ್ನು ಬಿಡುವುದಿಲ್ಲ. ಬ್ಯಾಟರಿ, ಕಾರ್ಡ್ ಸೇರಿ 710 ಗ್ರಾಂ ತೂಗುವ ಆ ಚಪ್ಪಟೆ ಬಾಡಿಗೆ ಮುಂದೆ ಹೆಸರಿಗಷ್ಟೇ ಹಿಡಿಕೆ ಇರುವುದರಿಂದ ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುವುದು ಬೇರೆ ಮಾತು. ಬಾಡಿಗೇ ಒಂದೂವರೆ ಲಕ್ಷ ದಾಟಿ ಖರ್ಚು ಮಾಡುವವರು ಎಸ್‌ಇ ಲೆನ್ಸಿನ ಕಿಟ್ ಬಿಟ್ಟು, ಕೊಸಿನಾದವರು ಫಾಯ್ಕ್‌ಲ್ಯಾಂಡರ್ ಹೆಸರಿನಲ್ಲಿ ಇದೇ ಝಡ್ ಮೌಂಟಿಗೆ ಮಾಡಿರುವ 40 ಎಂಎಂ ಎಫ್ 1.2 ಕಡೆ ನೋಡಲಿ. ಲೋಹದ ಮೈ, ಕೆತ್ತಿದ ಅಂಕಿ, ನಿಜವಾದ ಅಪರ್ಚರ್ ರಿಂಗ್, ಕ್ಯಾಮೆರಾದೊಂದಿಗೆ ಮಾತಾಡುವ ವಿದ್ಯುತ್ ಸಂಪರ್ಕವೂ ಉಂಟು. ಆಟೋಫೋಕಸ್ ಇಲ್ಲ. ಎಫ್‌ಎಂ10 ಮಾಡಿಕೊಟ್ಟ ಕಾರ್ಖಾನೆಯವರೇ ಝಡ್‌ಎಫ್‌ಗೆ ತಕ್ಕ ಲೆನ್ಸನ್ನೂ ಮಾಡಿಕೊಡಬೇಕಾಯಿತು.